ಚೇಂಬರಿನ ಕೆಳಗೊಂದು ವಾಲ್ವ್

ಕಾರಿನ ಎಂಜಿನ್ ಆಯಿಲ್ ಬದಲಿಸುವಾಗ ಎಡವಟ್ಟು ಆಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅದು ಎಂಜಿನ್ನಿನ ತಳದಲ್ಲಿರುವ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟ್. ಥ್ರೆಡ್ ಹೋಗುವುದು ಅಲ್ಲಿ, ಬಿಸಿ ಆಯಿಲ್ ಮೊಣಕೈವರೆಗೆ ಹರಿದು ಬರುವುದು ಅಲ್ಲಿ, ವಾಷರ್ ಸರಿಯಾಗಿ ಕೂರದೆ ಮಾರನೆಯ ದಿನ ಅಂಗಳದಲ್ಲಿ ಕಪ್ಪು ಕಲೆ ಕಾಣಿಸಿಕೊಳ್ಳುವುದೂ ಅಲ್ಲಿಂದಲೇ. ಈ ಬೋಲ್ಟನ್ನು ಒಮ್ಮೆ ಕಳಚಿ, ಅದೇ ತೂತಿಗೆ ಕಾಯಂ ಆಗಿ ಕೂರಿಸುವ ಸಣ್ಣ ಹಿತ್ತಾಳೆಯ ವಾಲ್ವಿಗೆ ಕ್ವಿಕ್ ಡ್ರೈನ್ ವಾಲ್ವ್ ಎನ್ನುತ್ತಾರೆ. ಆಮೇಲೆ ಆಯಿಲ್ ಇಳಿಸಲು ಸ್ಪ್ಯಾನರ್ ಬೇಕಿಲ್ಲ, ಲಿವರ್ ತಿರುಗಿಸಿದರೆ ಸಾಕು. ಕಾರು ಕಂಪನಿಗಳು ಸಾಮಾನ್ಯವಾಗಿ ಇದನ್ನು ಹಾಕಿ ಕೊಡುವುದಿಲ್ಲ. ಬೇಕಾದವರು ಹೊರಗೆ ಕೊಂಡು ಹಾಕಿಸಿಕೊಳ್ಳುತ್ತಾರೆ.

ವಾಲ್ವಿನ ಲಾಭ ನಷ್ಟ ತಿಳಿಯಬೇಕಾದರೆ ಮೊದಲು ಬೋಲ್ಟಿನ ವಿಚಾರ ತಿಳಿಯಬೇಕು. ಮಾರುತಿ, ಹೋಂಡಾ, ಹ್ಯುಂಡೈ ಕಂಪನಿಗಳ ಅನೇಕ ಕಾರುಗಳಲ್ಲಿ ಡ್ರೈನ್ ಬೋಲ್ಟಿನ ಅಳತೆ 14 ಮಿಲಿಮೀಟರ್ ವ್ಯಾಸ, 1.5 ಮಿಲಿಮೀಟರ್ ಪಿಚ್. ಅಂದರೆ ಒಂದು ಸುತ್ತು ತಿರುಗಿಸಿದರೆ ಬೋಲ್ಟು ಒಂದೂವರೆ ಮಿಲಿಮೀಟರ್ ಒಳಗೆ ಹೋಗುತ್ತದೆ. ಟೊಯೊಟಾದ ಅನೇಕ ಎಂಜಿನ್ನುಗಳಲ್ಲಿ 12 ಮಿಲಿಮೀಟರ್ ವ್ಯಾಸ, 1.25 ಪಿಚ್. ಬೋಲ್ಟಿನ ತಲೆಗೂ ಚೇಂಬರಿಗೂ ನಡುವೆ ತಾಮ್ರ, ಅಲ್ಯೂಮಿನಿಯಂ ಅಥವಾ ಫೈಬರಿನ ಒಂದು ವಾಷರ್ ಇರುತ್ತದೆ. ಆಯಿಲ್ ಸೋರದಂತೆ ತಡೆಯುವುದು ಈ ವಾಷರ್, ಥ್ರೆಡ್ ಅಲ್ಲ. ಒಂದು ಸಲ ಒತ್ತಿ ಚಪ್ಪಟೆಯಾದ ವಾಷರ್ ಎರಡನೆಯ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಆದ್ದರಿಂದಲೇ ಪ್ರತಿ ಸಲವೂ ಹೊಸದು ಹಾಕಬೇಕು. ಗ್ಯಾರೇಜುಗಳಲ್ಲಿ ಬಹಳ ಸಲ ಹಳೆಯದನ್ನೇ ಒರೆಸಿ ಹಾಕುತ್ತಾರೆ. ಅದು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಲ್ಲಲಿ ಎಂದು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ಥ್ರೆಡ್ ಹಾಳಾಗುವ ಕಥೆಯೆಲ್ಲ ಶುರುವಾಗುವುದು ಹೀಗೆ.

ಸಣ್ಣ ಕಾರಿನ ಡ್ರೈನ್ ಬೋಲ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 35ರಿಂದ 40 ನ್ಯೂಟನ್ ಮೀಟರ್. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ ಹನ್ನೆರಡು ಹದಿಮೂರು ಕಿಲೋ ಭಾರ ತೂಗುಬಿಟ್ಟರೆ ಎಷ್ಟು ಬಿಗಿಯಾಗುತ್ತದೋ ಅಷ್ಟು. ದೊಡ್ಡಾಳು ಮೈಭಾರ ಹಾಕಿ ಒತ್ತಿದರೆ ಇದರ ಎರಡು ಮೂರು ಪಟ್ಟು ಸಲೀಸಾಗಿ ಬೀಳುತ್ತದೆ. ಬೋಲ್ಟು ಉಕ್ಕಿನದು. ಚೇಂಬರು ಉಕ್ಕಿನ ತಗಡಿನದಾದರೆ ಅದಕ್ಕೆ ಬೆಸೆದ ನಟ್ ಒಂದಷ್ಟು ತಡೆದೀತು. ಈಗ ಬಹಳ ಕಾರುಗಳಲ್ಲಿ ಇರುವಂತೆ ಎರಕದ ಅಲ್ಯೂಮಿನಿಯಂ ಚೇಂಬರಾದರೆ ಮೆದು ಲೋಹದ ಥ್ರೆಡ್ ಉಕ್ಕಿನ ಮುಂದೆ ಸೋಲುತ್ತದೆ.

ಭದ್ರಾವತಿಯಂಥ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಶುರುವಾದ ಇಂದಿನ ವಿಐಎಸ್‌ಎಲ್, ವಾಹನಗಳ ಬಿಡಿಭಾಗಕ್ಕೆ ಬೇಕಾದ ಮಿಶ್ರಲೋಹದ ಉಕ್ಕಿಗೆ ಹೆಸರಾದ ಕಾರ್ಖಾನೆ. ಅಲ್ಲಿ ಫಿಟ್ಟರ್, ಟರ್ನರ್ ಕೆಲಸ ಮಾಡಿ ನಿವೃತ್ತರಾದವರು ಊರಿನ ಜನ್ನಾಪುರ ಬಡಾವಣೆಯ ಮನೆಗಳಲ್ಲಿ ಇಂದಿಗೂ ಇದ್ದಾರೆ. ಸ್ಪ್ಯಾನರಿಗೆ ಪೈಪ್ ಏರಿಸಿ ಡ್ರೈನ್ ಬೋಲ್ಟ್ ಬಿಗಿಯುವ ಹುಡುಗನನ್ನು ಕಂಡರೆ ಇಂಥವರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟು ನ್ಯಾಯವಾದದ್ದೇ. ಥ್ರೆಡ್ ಹೋದದ್ದು ಕೈಗೇ ಗೊತ್ತಾಗುತ್ತದೆ. ಬಿಗಿಯಾಗುತ್ತ ಬಂದ ಸ್ಪ್ಯಾನರ್ ಇದ್ದಕ್ಕಿದ್ದ ಹಾಗೆ ಹಗುರಾಗಿ, ಬೋಲ್ಟು ಇದ್ದಲ್ಲೇ ಸುತ್ತತೊಡಗುತ್ತದೆ. ಬಿಚ್ಚಿ ನೋಡಿದರೆ ಬೋಲ್ಟಿನ ಹಲ್ಲುಗಳ ನಡುವೆ ಹೊಳೆಯುವ ಅಲ್ಯೂಮಿನಿಯಂ ಎಳೆ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅದೇ ಚೇಂಬರಿನ ಥ್ರೆಡ್! ಅಲ್ಲಿಂದ ಮುಂದೆ ಉಳಿಯುವ ದಾರಿ ಮೂರು. ತೂತನ್ನು ದೊಡ್ಡದು ಮಾಡಿ ಓವರ್‌ಸೈಜ್ ಬೋಲ್ಟ್ ಹಾಕುವುದು, ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿ ಹಳೆಯ ಅಳತೆಗೇ ತರುವುದು, ಇಲ್ಲವೇ ಚೇಂಬರನ್ನೇ ಬದಲಿಸುವುದು. ಎರಡನೆಯದು ಲೇತ್ ಕೆಲಸ ಬಲ್ಲವರ ಕೈಯಲ್ಲಿ ಚೆನ್ನಾಗಿ ಆಗುತ್ತದೆ. ಮೂರನೆಯದು ಜೇಬಿಗೆ ಭಾರ.

ಕ್ವಿಕ್ ಡ್ರೈನ್ ವಾಲ್ವಿನ ಮುಖ್ಯ ಪ್ರಯೋಜನ ಇಲ್ಲಿದೆ. ಬೋಲ್ಟನ್ನು ವರ್ಷ ವರ್ಷ ಬಿಚ್ಚಿ ಹಾಕುವ ಕೆಲಸವೇ ತಪ್ಪಿದರೆ ಥ್ರೆಡ್ ಸವೆಯುವ ಪ್ರಶ್ನೆ ಬರುವುದಿಲ್ಲ. ಸಮಯ ಉಳಿಯುತ್ತದೆ ಎಂಬುದನ್ನೇ ಮಾರುವವರು ಮುಂದೆ ಮಾಡಿ ಹೇಳುತ್ತಾರೆ. ವರ್ಷಕ್ಕೊಮ್ಮೆ ಆಗುವ ಕೆಲಸದಲ್ಲಿ ನಾಲ್ಕು ನಿಮಿಷ ಉಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ದ್ರವ ಸೇರುವ ಪಾತ್ರೆಯ ಬುಡಕ್ಕೆ ವಾಲ್ವ್ ಇಡುವುದು ವಾಹನ ಲೋಕಕ್ಕೆ ಹೊಸದಲ್ಲ. ಲಾರಿ, ಬಸ್ಸುಗಳ ಬ್ರೇಕಿನ ಏರ್ ಟ್ಯಾಂಕಿನ ಅಡಿಯಲ್ಲಿ ಸೇರಿದ ನೀರನ್ನು ಹೊರಬಿಡಲು ಇಂಥದೊಂದು ವಾಲ್ವ್ ಇದ್ದೇ ಇರುತ್ತದೆ. ಅದರ ಉಂಗುರ ಎಳೆದು ಪುಸ್ ಎಂದು ಗಾಳಿ, ನೀರು ಬಿಡುವುದು ಡ್ರೈವರುಗಳಿಗೆ ಪರಿಚಿತ ಕೆಲಸ. ಡೀಸೆಲ್ ಕಾರಿನ ಫಿಲ್ಟರಿನ ಬುಡದಲ್ಲೂ ನೀರು ಇಳಿಸುವ ತಿರುಪು ಇರುತ್ತದೆ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಆಯಿಲ್ ಇಳಿಸಲು ಒತ್ತಿ ತಿರುಗಿಸುವ ವಾಲ್ವುಗಳು ಬಹಳ ಹಿಂದಿನಿಂದ ಬಳಕೆಯಲ್ಲಿವೆ. ದೊಡ್ಡ ಡೀಸೆಲ್ ಜನರೇಟರುಗಳದ್ದೂ ಅದೇ ಕ್ರಮ. ಕಾರಿಗೆ ಹಾಕುವ ವಾಲ್ವುಗಳಲ್ಲಿ ಜಪಾನಿನ ಫುಮೋಟೊ ಕಂಪನಿಯದು ಹೆಚ್ಚು ಹೆಸರು ಮಾಡಿದ್ದು. ಜರ್ಮನಿಯ ಸ್ಟಾಲ್‌ಬಸ್, ನೆದರ್ಲೆಂಡ್ಸಿನ ಫೆಮ್ಕೊ ಕಂಪನಿಗಳದ್ದು ಬೇರೆ ರೀತಿಯವು.

ಫುಮೋಟೊ ಮಾದರಿಯದು ಬಾಲ್ ವಾಲ್ವ್. ಹಿತ್ತಾಳೆಯ ಒಡಲಿನ ಒಳಗೆ ನಡುವೆ ತೂತು ಕೊರೆದ ಒಂದು ಗುಂಡು ಇರುತ್ತದೆ. ತೂತು ಅಡ್ಡಕ್ಕೆ ಇದ್ದಾಗ ದಾರಿ ಬಂದ್. ಲಿವರನ್ನು ಕಾಲು ಸುತ್ತು ತಿರುಗಿಸಿದರೆ ತೂತು ನೇರಕ್ಕೆ ಬಂದು ಆಯಿಲ್ ಇಳಿಯುತ್ತದೆ. ಮನೆಯ ನೀರಿನ ಟ್ಯಾಂಕಿನ ಕೆಳಗೆ ಪ್ಲಂಬರ್ ಹಾಕುವ ಬಾಲ್ ವಾಲ್ವಿನ ಚಿಕ್ಕ ರೂಪ ಎಂದರೂ ನಡೆದೀತು. ಒಂದೇ ವ್ಯತ್ಯಾಸ ಲಿವರಿನಲ್ಲಿ. ಮುಚ್ಚಿದ ಸ್ಥಿತಿಯಲ್ಲಿ ಅದು ಸ್ಪ್ರಿಂಗಿನ ಒತ್ತಡದಿಂದ ಒಂದು ಕಚ್ಚಿನೊಳಗೆ ಕೂತಿರುತ್ತದೆ. ಮೊದಲು ಕಚ್ಚಿನಿಂದ ಎತ್ತಿ ಬಿಡಿಸಬೇಕು, ಆಮೇಲೆ ತಿರುಗಿಸಬೇಕು. ಗಾಡಿಯ ಅದುರಾಟಕ್ಕೆ ತಾನಾಗಿ ತೆರೆದುಕೊಳ್ಳದಿರಲೆಂದೇ ಈ ಎರಡು ಹಂತ. ಅದೂ ಸಾಲದು ಎನ್ನುವವರಿಗೆ ಲಿವರಿನ ಮೇಲೆ ಸಿಕ್ಕಿಸುವ ಕ್ಲಿಪ್ ಬೇರೆ ಸಿಗುತ್ತದೆ. ಸ್ಟಾಲ್‌ಬಸ್ ಮಾದರಿಯಲ್ಲಿ ಲಿವರ್ ಇಲ್ಲ. ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದ ತಡೆ, ಹೊರಗೆ ಒಂದು ಮುಚ್ಚಳ. ಮುಚ್ಚಳ ತೆಗೆದು ಪೈಪಿನ ಕೊಂಡಿ ತಿರುಗಿಸಿ ಹಾಕಿದಾಗ ಅದು ತಡೆಯನ್ನು ಒಳಕ್ಕೆ ತಳ್ಳಿ ದಾರಿ ಬಿಡಿಸುತ್ತದೆ. ಇದು ಹೊರಗೆ ಚಾಚುವುದು ಕಡಿಮೆ. ಕಾರಿನ ತಳ ನೆಲಕ್ಕೆ ಹತ್ತಿರವಿದ್ದವರಿಗೆ ಇಂಥದೇ ವಾಸಿ.

ವಾಲ್ವ್ ಹಾಕಿದರೆ ಆಯಿಲ್ ಬೇಗ ಇಳಿಯುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. ಬೋಲ್ಟು ತೆಗೆದಾಗ 14 ಮಿಲಿಮೀಟರಿನ ತೂತು ಪೂರ್ತಿ ತೆರೆದಿರುತ್ತದೆ. ವಾಲ್ವಿನ ಒಳದಾರಿ 8 ಮಿಲಿಮೀಟರ್ ಎಂದಿಟ್ಟುಕೊಂಡರೆ ಹರಿಯುವ ಜಾಗ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಆಯಿಲಿನ ದಪ್ಪವನ್ನೂ ಲೆಕ್ಕ ಹಿಡಿಯಬೇಕು. ಈಗಿನ ಕಾರುಗಳಿಗೆ ಹಾಕುವ 5ಡಬ್ಲ್ಯೂ-30 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ತೆಳುವಾಗಿರುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಿಂದ ವಾಲ್ವಿನ ಮೂಲಕ ಇಳಿಸಲು ಹೋದರೆ ಕಾಯುತ್ತ ಕೂರಬೇಕು. ಒಂದೈದು ಹತ್ತು ಕಿಲೋಮೀಟರ್ ಓಡಿಸಿ, ಸ್ವಲ್ಪ ಆರಲು ಬಿಟ್ಟು, ಬಿಸುಪು ಇರುವಾಗಲೇ ಇಳಿಸುವುದು ಸರಿಯಾದ ಕ್ರಮ. ಬೋಲ್ಟು ಇದ್ದಾಗ ಇಷ್ಟು ಬಿಸಿ ಇದ್ದರೆ ಕೈ ಸುಟ್ಟುಕೊಳ್ಳುವ ಭಯ. ವಾಲ್ವಾದರೆ ಬೆರಳು ಆಯಿಲಿಗೆ ತಾಗುವುದೇ ಇಲ್ಲ. ಆದರೆ ಪಕ್ಕದಲ್ಲೇ ಹಾದುಹೋಗುವ ಸೈಲೆನ್ಸರ್ ಪೈಪು ಆಯಿಲಿಗಿಂತ ಬಿಸಿ ಇರುತ್ತದೆ, ಅದನ್ನು ಮರೆಯಬಾರದು. ಬಳಸಿದ ಆಯಿಲಿನಲ್ಲಿ ಉರಿದ ಇಂಧನದ ಮಸಿ, ಚರ್ಮಕ್ಕೆ ಕೆಡುಕು ಮಾಡುವ ಸಂಯುಕ್ತಗಳು ಸೇರಿರುತ್ತವೆ. ದಿನವಿಡೀ ಅದರಲ್ಲೇ ಕೈ ಆಡಿಸುವ ಮೆಕ್ಯಾನಿಕ್‌ಗಳ ಚರ್ಮ ಒಡೆದು ತುರಿಕೆ ಹಿಡಿಯುವುದು ಇದೇ ಕಾರಣಕ್ಕೆ. ಕಾರಿನ ಯಜಮಾನನಿಗಿಂತ ಮೆಕ್ಯಾನಿಕ್‌ಗೆ ವಾಲ್ವಿನಿಂದ ಹೆಚ್ಚು ಒಳ್ಳೆಯದು ಎಂದರೂ ತಪ್ಪಲ್ಲ.

ಇನ್ನು ವಾಲ್ವಿನ ದೊಡ್ಡ ದೌರ್ಬಲ್ಯ. ಬೋಲ್ಟಿನ ತಲೆ ಚೇಂಬರಿನಿಂದ ಹೊರಗೆ ಚಾಚುವುದು ಒಂದು ಸೆಂಟಿಮೀಟರಿನ ಆಸುಪಾಸು. ಲಿವರ್ ಇರುವ ವಾಲ್ವು ಎರಡೂವರೆಯಿಂದ ನಾಲ್ಕು ಸೆಂಟಿಮೀಟರಿನವರೆಗೆ ಚಾಚುತ್ತದೆ. ಪೈಪ್ ಸಿಕ್ಕಿಸುವ ಮೂತಿ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಬೋಲ್ಟಿನ ತೂತು ಚೇಂಬರಿನ ಹಿಂಬದಿಗೋ ಪಕ್ಕಕ್ಕೋ ಮುಖ ಮಾಡಿದ್ದರೆ ಚಿಂತೆ ಇಲ್ಲ, ಚೇಂಬರೇ ವಾಲ್ವಿಗೆ ಮರೆಯಾಗುತ್ತದೆ. ತೂತು ನೇರ ಕೆಳಕ್ಕೆ ಇದ್ದರೆ ಮಾತ್ರ ಇಡೀ ಕಾರಿನಲ್ಲಿ ನೆಲಕ್ಕೆ ಅತಿ ಹತ್ತಿರದ ವಸ್ತು ಈ ವಾಲ್ವೇ ಆಗುವ ಅಪಾಯವಿದೆ.

ಭಾರತದ ಸಣ್ಣ ಕಾರುಗಳ ತಳಕ್ಕೂ ನೆಲಕ್ಕೂ ನಡುವಿನ ಅಂತರ ಸುಮಾರು 160ರಿಂದ 180 ಮಿಲಿಮೀಟರ್. ಅದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಹೇರಿದರೆ ಅಂತರ ಎಷ್ಟೋ ಇಳಿಯುತ್ತದೆ. ರಸ್ತೆ ಹಂಪಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿದ ಅಳತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಇಂಥ ಹಂಪಿನ ಮೇಲೆ ವಾಲ್ವಿಗೆ ಏನೂ ಆಗದು. ಬಡಾವಣೆಯ ಅಡ್ಡರಸ್ತೆಗಳಲ್ಲಿ ಉಳಿದ ಕಾಂಕ್ರೀಟಿನಲ್ಲಿ ಏಳುವ ಹಂಪುಗಳು ಯಾವ ಅಳತೆಗೂ ಸಿಗುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಜನ್ನಾಪುರದಿಂದ ಶಿವಮೊಗ್ಗಕ್ಕೆ ಹೋಗಿಬರುವ ಕಾರಿನ ಬದುಕೇ ಬೇರೆ, ಅಡಿಕೆ ತೋಟದ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರ್ ಚಕ್ರದ ಗಾಡಿಜಾಡಿಗೆ ಇಳಿಯುವ ಕಾರಿನ ಬದುಕೇ ಬೇರೆ. ಮಳೆಗಾಲದಲ್ಲಿ ಆ ಜಾಡಿನ ನಡುವಿನ ದಿಬ್ಬದಲ್ಲಿ ಹುಲ್ಲು ಬೆಳೆದು ಕಲ್ಲು ಕಾಣುವುದಿಲ್ಲ. ಕಲ್ಲು ತಾಗಿ ವಾಲ್ವು ಮುರಿದರೆ ಎಂಜಿನ್ನಿನ ಆಯಿಲ್ ಪೂರ್ತಿ ಖಾಲಿಯಾಗಲು ಬಹಳ ಹೊತ್ತು ಬೇಡ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿದ ಕ್ಷಣವೇ ಎಂಜಿನ್ ಆಫ್ ಮಾಡದಿದ್ದರೆ ಬೇರಿಂಗುಗಳು ಹೋಗುತ್ತವೆ. ಮುಂದಿನ ಗ್ಯಾರೇಜಿನವರೆಗೆ ಮೆಲ್ಲಗೆ ಓಡಿಸೋಣ ಎಂಬ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ತೋಟಕ್ಕೆ ಹೋಗುವ ಕಾರಿಗೆ, ತೂತು ಕೆಳಮುಖವಾಗಿದ್ದರೆ, ಎಂಜಿನ್ ಗಾರ್ಡ್ ಇಲ್ಲದೆ ವಾಲ್ವ್ ಹಾಕಿಸಲೇಬಾರದು.

ಕೂರಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದೂ ಅಲ್ಲ. ಕಾರನ್ನು ಪಿಟ್ ಮೇಲೆ ನಿಲ್ಲಿಸಬೇಕು, ಇಲ್ಲವೇ ಜಾಕಿಯಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಇಳಿಸಬೇಕು. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗುವುದು ಪ್ರಾಣಕ್ಕೇ ಅಪಾಯ. ಹಳೆಯ ಆಯಿಲ್ ಪೂರ್ತಿ ಇಳಿದ ಮೇಲೆ ತೂತಿನ ಸುತ್ತಲ ಮುಖವನ್ನು ಬಟ್ಟೆಯಲ್ಲಿ ಒರೆಸಿ, ಹಳೆಯ ವಾಷರಿನ ಚೂರು ಅಂಟಿಕೊಂಡಿದೆಯೇ ನೋಡಬೇಕು. ಬಹಳ ಸಲ ತೆಳ್ಳಗಿನ ತಾಮ್ರದ ವಾಷರ್ ಚೇಂಬರಿಗೇ ಅಂಟಿ ಉಳಿದಿರುತ್ತದೆ. ಅದರ ಮೇಲೆ ಇನ್ನೊಂದು ಬಿದ್ದರೆ ಸೋರುವುದು ಖಂಡಿತ. ವಾಲ್ವನ್ನು ಅದರದೇ ಗ್ಯಾಸ್ಕೆಟ್ ಜೊತೆ ಮೊದಲು ಬರಿಗೈಯಲ್ಲಿ ತಿರುಗಿಸಬೇಕು. ಐದಾರು ಸುತ್ತು ಕೈಯಲ್ಲೇ ಸಲೀಸಾಗಿ ಹೋದರೆ ಅಳತೆ ಸರಿ ಇದೆ. ಎರಡನೆಯ ಸುತ್ತಿಗೇ ಬಿಗಿಯಾದರೆ ಪಿಚ್ ಬೇರೆ, ಅಲ್ಲಿಗೇ ನಿಲ್ಲಿಸಬೇಕು. ಕೊನೆಯ ಬಿಗಿಯನ್ನು ವಾಲ್ವಿನ ತಯಾರಕರು ಹೇಳಿದಷ್ಟೇ ಕೊಡಬೇಕು. ಹಿತ್ತಾಳೆ ಉಕ್ಕಿಗಿಂತ ಮೆದು, ಒಳಗೆ ಟೊಳ್ಳು ಬೇರೆ. ಹಳೆಯ ಬೋಲ್ಟಿನ ಬಿಗಿಯನ್ನೇ ಇದಕ್ಕೂ ಹಾಕಿದರೆ ಕತ್ತು ಮುರಿದು ಅರ್ಧ ಒಳಗೇ ಉಳಿದೀತು. ಟೆಫ್ಲಾನ್ ಟೇಪ್ ಸುತ್ತುವ ಅಭ್ಯಾಸ ಪ್ಲಂಬಿಂಗ್ ಕೆಲಸಕ್ಕೆ ಸರಿ, ಇಲ್ಲಿ ಬೇಡ. ಅದರ ಚೂರು ಎಂಜಿನ್ ಒಳಗೆ ಸೇರಿ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳಬಹುದು. ಎಲ್ಲ ಆದ ಮೇಲೆ ಲಿವರ್ ಅಕ್ಕಪಕ್ಕದ ಯಾವ ಭಾಗಕ್ಕೂ ತಾಗದೆ ತಿರುಗುತ್ತದೆಯೇ ಎಂದು ನೋಡಬೇಕು. ಕೆಲವು ಚೇಂಬರುಗಳಲ್ಲಿ ತೂತು ಕುಳಿಯೊಳಗೆ ಇರುತ್ತದೆ. ಅಲ್ಲಿ ಉದ್ದ ಮಾಡಲು ಒಂದು ಅಡಾಪ್ಟರ್ ಹಾಕಬೇಕಾಗುತ್ತದೆ, ಆಗ ಚಾಚುವ ಉದ್ದವೂ ಹೆಚ್ಚುತ್ತದೆ. ಅಂಥ ಕಾರಿಗೆ ಈ ಆಸೆ ಬಿಡುವುದೇ ಒಳ್ಳೆಯದು.

ವಾಲ್ವು ಬಂದ ಮಾತ್ರಕ್ಕೆ ಕಾರಿನ ಅಡಿಗೆ ಹೋಗುವುದು ತಪ್ಪಿತು ಎಂದಲ್ಲ. ಆಯಿಲ್ ಫಿಲ್ಟರ್ ಬದಲಿಸಲೇಬೇಕು. ಅದು ಎಂಜಿನ್ನಿನ ಮೇಲ್ಭಾಗದಲ್ಲಿ ಕೈಗೆ ಸಿಗುವಂತಿದ್ದರೆ ಪುಣ್ಯ, ಕೆಳಗಿದ್ದರೆ ಮೊದಲಿನಂತೆಯೇ ಅಂಗಾತ ಮಲಗುವುದು ಇದ್ದದ್ದೇ. ಇನ್ನೊಂದು ಸಣ್ಣ ಕೊರತೆಯೂ ಇದೆ. ವಾಲ್ವಿನ ಥ್ರೆಡ್ ಚೇಂಬರಿನ ಒಳಗೆ ಒಂದೆರಡು ಮಿಲಿಮೀಟರ್ ಇಣುಕಿದರೆ ಆ ಮಟ್ಟದ ಕೆಳಗಿನ ಆಯಿಲ್ ಇಳಿಯದೆ ಉಳಿಯುತ್ತದೆ. 3 ಲೀಟರಿನಲ್ಲಿ 100 ಎಂಎಲ್ ಉಳಿದರೂ ಅದು ನೂರಕ್ಕೆ ಮೂರು ಭಾಗ. ಬೋಲ್ಟು ತೆಗೆದು ಇಳಿಸಿದಾಗಲೂ ಎಂಜಿನ್ನಿನ ಒಳದಾರಿಗಳಲ್ಲಿ ಒಂದಷ್ಟು ಹಳೆಯ ಆಯಿಲ್ ಉಳಿದೇ ಇರುತ್ತದೆ. ಇದನ್ನು ದೊಡ್ಡ ದೋಷವೆಂದು ಎಣಿಸಬೇಕಿಲ್ಲ. ಹೊಸ ಆಯಿಲನ್ನು ಪುಸ್ತಕದ ಲೆಕ್ಕಕ್ಕೆ ಸುರಿದುಬಿಡದೆ ಡಿಪ್‌ಸ್ಟಿಕ್ ನೋಡಿ ಹಾಕಿದರೆ ಸಾಕು. ಹಳೆಯ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದ ಎಂಜಿನ್ನಾದರೆ ಮಾತ್ರ ಒಂದು ನಿಜವಾದ ನಷ್ಟವಿದೆ. ಉಕ್ಕಿನ ಪುಡಿಯನ್ನು ಹಿಡಿದಿಡುತ್ತಿದ್ದ ಆ ಅಯಸ್ಕಾಂತ ಬೋಲ್ಟಿನ ಜೊತೆಯೇ ಹೋಗುತ್ತದೆ.

ಮಾರುತಿಯ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕೆಂದಿದೆ. ಜನ್ನಾಪುರದಂಥ ಬಡಾವಣೆಯ ಬಹಳ ಕಾರುಗಳು ವರ್ಷಕ್ಕೆ ಅಷ್ಟು ಓಡುವುದೇ ಇಲ್ಲ. ಪೇಟೆಗೆ, ದೇವಸ್ಥಾನಕ್ಕೆ, ಮಗುವನ್ನು ಸ್ಕೂಲಿಗೆ ಬಿಡಲು ಎರಡು ಮೂರು ಕಿಲೋಮೀಟರಿನ ಓಡಾಟ. ಓಡಿದ್ದು ಕಡಿಮೆ ಎಂದು ಆಯಿಲ್ ಚೆನ್ನಾಗಿದೆ ಎನ್ನುವಂತಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಒಳಗೆ ಸೇರಿದ ನೀರಿನ ಪಸೆ, ಉರಿಯದ ಪೆಟ್ರೋಲು ಆವಿಯಾಗಿ ಹೋಗದೆ ಆಯಿಲಿನಲ್ಲೇ ಉಳಿಯುತ್ತವೆ. ಮಲೆನಾಡಿನ ಅಂಚಿನ ಜೂನ್ ಜುಲೈ ತಿಂಗಳ ತೇವದಲ್ಲಿ ಇದು ಇನ್ನೂ ಹೆಚ್ಚು. ಆಯಿಲ್ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಟ್ಟುವುದು ಈ ಪಸೆಯ ಗುರುತಾಗಿರಬಹುದು. ಕೆನೆ ಹೆಚ್ಚಿದ್ದು ಕೂಲೆಂಟೂ ಇಳಿಯುತ್ತಿದ್ದರೆ ಗ್ಯಾಸ್ಕೆಟ್ ಹೋಗಿರಬಹುದು, ಮೆಕ್ಯಾನಿಕ್‌ಗೆ ತೋರಿಸಬೇಕು. ಇಂಥ ಕಾರುಗಳಿಗೆ ವರ್ಷದ ಲೆಕ್ಕವೇ ಮುಖ್ಯ, ಆರು ತಿಂಗಳಿಗೊಮ್ಮೆ ಬದಲಿಸುವವರೂ ಇದ್ದಾರೆ. ಬದಲಿಸುವುದು ಹೆಚ್ಚಾದಷ್ಟೂ ವಾಲ್ವಿಗೆ ಕೊಟ್ಟ ದುಡ್ಡು ಸಾರ್ಥಕವಾಗುತ್ತದೆ. ದಿನವಿಡೀ ಓಡುವ ಟ್ಯಾಕ್ಸಿಗಳ ಮಾತೂ ಇದೇ. ದೊಡ್ಡ ಡೀಸೆಲ್ ಗಾಡಿಗಳಲ್ಲಿ ಆರೇಳು ಲೀಟರ್ ಆಯಿಲ್ ಇರುವುದರಿಂದ ಅದನ್ನು ಒಂದೇ ಸಲ ತಟ್ಟೆಗೆ ಬಿಡುವುದಕ್ಕಿಂತ ವಾಲ್ವಿಗೆ ಪೈಪ್ ಸಿಕ್ಕಿಸಿ ಕ್ಯಾನಿಗೆ ಇಳಿಸುವುದು ಎಷ್ಟೋ ಅಚ್ಚುಕಟ್ಟು.

ಕ್ಯಾನಿಗೆ ಇಳಿದ ಆಯಿಲ್ ಎಲ್ಲಿ ಹೋಗಬೇಕು ಎಂಬುದರ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯವೆಂದೇ ಗುರುತಿಸಲಾಗಿದೆ. 2023ರಲ್ಲಿ ತಂದ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ, ಆಮದು ಮಾಡುವ ಕಂಪನಿಗಳ ಮೇಲೂ ಅದನ್ನು ಮರುಸಂಸ್ಕರಣೆ ಮಾಡಿಸುವ ಹೊಣೆ ಬಿದ್ದಿದೆ. ಊರಿನ ರೂಢಿ ಬೇರೆ. ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಸವರುವುದು, ಉಳಿದದ್ದನ್ನು ಚರಂಡಿಗೆ ಚೆಲ್ಲುವುದು. ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತದೆ. ಚರಂಡಿಗೆ ಬಿದ್ದದ್ದು ಮೊದಲ ಮಳೆಗೇ ಭದ್ರಾ ಹೊಳೆ ಸೇರುತ್ತದೆ. ಅದೇ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಮುಂದಿನ ಊರುಗಳಿಗೂ ನೀರಾಗುತ್ತದೆ. ಬೋಲ್ಟು ತೆಗೆದು ತಟ್ಟೆಗೆ ಬಿಟ್ಟಾಗ ಗಾಳಿಗೆ ಧಾರೆ ಓರೆಯಾಗಿ ನೆಲಕ್ಕೆ ಚೆಲ್ಲುವ ಪಾಲು, ತಟ್ಟೆಯಿಂದ ಕ್ಯಾನಿಗೆ ಸುರಿಯುವಾಗ ಚೆಲ್ಲುವ ಪಾಲು, ಎರಡೂ ಮೂತಿ ಇರುವ ವಾಲ್ವಿನಲ್ಲಿ ತಪ್ಪುತ್ತವೆ. ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಬಳಸಿದ ಆಯಿಲನ್ನು ಕೊಳ್ಳುವ ಗ್ಯಾರೇಜಿಗೆ ತಲುಪಿಸಬಹುದು. ಆ ಗ್ಯಾರೇಜು ಅದನ್ನು ಅನುಮತಿ ಪಡೆದ ಸಂಸ್ಕರಣಾ ಘಟಕಕ್ಕೆ ಕೊಡುತ್ತದೆಯೇ ಎಂದು ಕೇಳುವ ಹಕ್ಕು ಗಿರಾಕಿಗಿದೆ. ನೀರು, ಬ್ರೇಕ್ ಆಯಿಲ್, ಪೆಟ್ರೋಲು ಅದರಲ್ಲಿ ಬೆರೆಯಬಾರದು. ಬೆರೆತರೆ ಮರುಸಂಸ್ಕರಣೆ ಕಷ್ಟ.

ಆಮದಾಗಿ ಬರುವ ಒಳ್ಳೆಯ ವಾಲ್ವಿಗೆ ಸಾದಾ ಬೋಲ್ಟಿನ ಎಷ್ಟೋ ಪಟ್ಟು ಬೆಲೆ. ಅದನ್ನೇ ಹೋಲುವ ಹೆಸರಿಲ್ಲದ ಅಗ್ಗದ ಮಾಲೂ ಮಾರುಕಟ್ಟೆಯಲ್ಲಿದೆ. ಎಂಜಿನ್ನಿನ ಆಯಿಲ್ ಅಷ್ಟನ್ನೂ ಹಿಡಿದು ನಿಲ್ಲಿಸುವ ಏಕೈಕ ತಡೆಗೆ ಅಗ್ಗದ ಮಾಲು ಸಲ್ಲದು. ಒಳ್ಳೆಯದಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಕಂಪನಿಯ ಬೋಲ್ಟೇ ಸಾಕು. ವಾರಂಟಿ ಇರುವ ಕಾರಿನವರು ಹಾಕಿಸುವ ಮೊದಲು ಷೋರೂಮಿನಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಮೇಲು. ಹೊರಗಿನ ಬಿಡಿಭಾಗದಿಂದ ಆದ ಹಾನಿಗೆ ಕಂಪನಿಗಳು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ವಾಲ್ವೂ ಬೇಡ, ಬೋಲ್ಟಿನ ಗೋಜೂ ಬೇಡ ಎನ್ನುವವರಿಗೆ ಡಿಪ್‌ಸ್ಟಿಕ್ಕಿನ ಕೊಳವೆಯಿಂದ ಆಯಿಲ್ ಹೀರುವ ಪಂಪುಗಳಿವೆ. ಕೊಳವೆ ಚೇಂಬರಿನ ತಳದವರೆಗೆ ಹೋಗುವ ಎಂಜಿನ್ನಿನಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಡ್ರೈನ್ ತೂತು ಹಿಂದಕ್ಕೋ ಪಕ್ಕಕ್ಕೋ ಇರುವ, ಡಾಂಬರು ರಸ್ತೆಯಲ್ಲೇ ಹೆಚ್ಚಾಗಿ ಓಡುವ, ಮನೆಯಲ್ಲೇ ಆಯಿಲ್ ಬದಲಿಸುವವರ ಕಾರಿಗೆ ಕ್ವಿಕ್ ಡ್ರೈನ್ ವಾಲ್ವ್ ಹಾಕಿಸಬಹುದು. ತೋಟದ ದಾರಿಯ ಕಾರಿಗೆ, ತೂತು ಕೆಳಮುಖವಾಗಿರುವ ಕಾರಿಗೆ ಬೇಡ. ಅಲ್ಲಿ ಪ್ರತಿ ಸಲ ಹೊಸ ವಾಷರ್, ಅಳತೆಯ ಬಿಗಿ, ಇಷ್ಟಿದ್ದರೆ ಬೋಲ್ಟು ಎಂಜಿನ್ನಿನಷ್ಟೇ ಕಾಲ ಬಾಳುತ್ತದೆ. ವಾಲ್ವ್ ಹಾಕಿಸಿದವರು ಕಳಚಿದ ಬೋಲ್ಟನ್ನು ಗ್ಯಾರೇಜಿನಲ್ಲಿ ಬಿಟ್ಟು ಬರದೆ, ಒಂದು ಹೊಸ ವಾಷರಿನ ಜೊತೆ ಕಾರಿನ ಟೂಲ್ ಚೀಲದಲ್ಲಿ ಇಟ್ಟುಕೊಂಡಿರಬೇಕು.